ಸೂರ್ಯನ ಹುರಿ

ಫೆಬ್ರವರಿ ೩

ಮಗಳೇ,

ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿದ್ದರೂ ಹೀಗೆಯೇ ಬರೆಯುತ್ತಿದ್ದೆ, ಆದ್ದರಿಂದ ಈ ಸಾಲನ್ನು ಬಿಟ್ಟು ಮುಂದೆ ಓದು.

ಫೋನು ಮಾಡಬಾರದೇ ಎಂದು ನಿನ್ನ ಸೋದರಮಾವ ಕೇಳಿದ. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ’ ಅನ್ನುತ್ತೀಯ. ಕಾಗದದ ಮೇಲೆ ಬರಿಯ ‘ಹೂಂ’ ಬರೆದು ಅಂಚೆಗೆ ಹಾಕಲು ಯಾರಿಗಾದರೂ ನಾಚಿಕೆಯಾಗುತ್ತದೆ. ಅದಕ್ಕೇ ಕಾಗದ.

ಮೊನ್ನೆ ದೋಣಿಗಳ ಯಜಮಾನ ಲಂಗರಿನ ಹಗ್ಗ ಒಯ್ಯಲು ನಮ್ಮ ಹಗ್ಗ ಹೊಸೆಯುವ ಶೆಡ್ಡಿಗೆ ಬಂದವನು, “ಮಗಳು ಏನು ಕೆಲಸ ಮಾಡ್ತಾಳಮ್ಮ?” ಎಂದು ಕೇಳಿದ. “ಸೂರ್ಯನನ್ನ ನೋಡೋ ಕೆಲಸ” ಎಂದೆ. “ನೋಡೋದಕ್ಕೂ ಸಂಬಳ ಕೊಡ್ತಾರಾ?” ಎಂದು ನಕ್ಕ. ನಿನ್ನ ಮಾವನೂ ಜೊತೆಗೆ ಸೇರಿಕೊಂಡ. “ನಮ್ಮ ಹಿತ್ತಿಲಿಗೂ ದಿನಾ ಬರ್ತಾನೆ ಸೂರ್ಯ. ನಾನೂ ನೋಡ್ತೀನಿ, ನಂಗೂ ಕೊಡ್ಸಕ್ಕ.” ಇಬ್ಬರ ಬಾಯನ್ನೂ ಮುಚ್ಚಿಸುವಂಥ ಉತ್ತರ ನನ್ನ ಬಳಿ ಇರಲಿಲ್ಲ. ಉತ್ತರವಿಲ್ಲದೆ ನಿಂತು ನನಗೆ ಅಭ್ಯಾಸವಿಲ್ಲ. ನಾನೂ ಹೈಸ್ಕೂಲು ಮುಗಿಸಿದವಳು. ಅಯಸ್ಕಾಂತ, ವಿದ್ಯುತ್ತು ಎಂದರೆ ಹೆದರಿ ಓಡುವವಳಲ್ಲ. ನೀನು ಅಲ್ಲಿ ಮಾಡುವುದೇನು ಎಂದು ಅರ್ಥವಾಗುವ ಹಾಗೆ ಬರೆ.

ಇನ್ನೊಂದು ಮಾತು. ಕೈಯಲ್ಲಿರುವ ಕೆಲಸ ಮುಗಿದ ಮೇಲೆ ಬಂದು ಶೆಡ್ಡನ್ನು ನೋಡಿಕೊಳ್ಳುತ್ತೇನೆ ಎಂದು ಹೋಗುವಾಗ ನೀನು ಹೇಳಿದ್ದೆ. ನಾನು ಕೇಳಿರಲಿಲ್ಲ, ನೀನಾಗಿಯೇ ಹೇಳಿದ್ದು. ನಿನ್ನ ಅಪ್ಪ ಹೋದಂದಿನಿಂದ ರಾಟೆಯ ಹಿಡಿ ನನ್ನ ಕೈಯಲ್ಲೇ ಇದೆ. ಅವಸರವೇನೂ ಇಲ್ಲ. ಯಾವಾಗ ಮುಗಿಯುತ್ತದೆ ಎಂದು ತಿಳಿಸಿದರೆ ಸಾಕು.

ಅಕ್ಷರ ಸೊಟ್ಟಗಿದೆ. ಮೇಜಿನ ಒಂದು ಕಾಲು ಗಿಡ್ಡವಾಗಿದೆ.

ನಿನ್ನ ಅಮ್ಮ


ಫೆಬ್ರವರಿ ೧೯

ಅಮ್ಮ,

ದೋಣಿ ಯಜಮಾನರಿಗೆ ಹೇಳು: ನಾನು ಇಲ್ಲಿಯೂ ಹಗ್ಗವನ್ನೇ ನೋಡುತ್ತಿದ್ದೇನೆ.

ಸೂರ್ಯನ ಮೈಮೇಲೆ ಕಪ್ಪು ಕಲೆಗಳಿರುತ್ತವೆ. ಕೆಲವು ಎಷ್ಟು ದೊಡ್ಡವೆಂದರೆ ಭೂಮಿಯನ್ನು ಇಡಿಯಾಗಿ ಒಳಗಿಟ್ಟರೂ ಜಾಗ ಉಳಿಯುತ್ತದೆ. ಒಂದು ಕಲೆ ಅಯಸ್ಕಾಂತದ ಉತ್ತರ ತುದಿಯಂತಿದ್ದರೆ ಜೊತೆಯದು ದಕ್ಷಿಣ ತುದಿಯಂತೆ. ಕಾಂತರೇಖೆಗಳು ಒಂದರಿಂದ ಮೇಲೆದ್ದು, ಕಮಾನಿನ ಹಾಗೆ ಬಾಗಿ, ಇನ್ನೊಂದರೊಳಗೆ ಇಳಿಯುತ್ತವೆ. ಅವು ನಮ್ಮ ಎಳೆಗಳ ಹಾಗೆ ಕಟ್ಟುಕಟ್ಟಾಗಿರುತ್ತವೆ. ಕೆಳಗಿನ ಕುದಿತ ಆ ಕಟ್ಟಿನ ಬುಡಗಳನ್ನು ತಿರುಗಿಸುತ್ತಲೇ ಇರುವುದರಿಂದ ಅದಕ್ಕೆ ಹುರಿ ಏರುತ್ತದೆ. ಹುರಿ ಇದ್ದಲ್ಲಿ ಅದರ ಉದ್ದಕ್ಕೂ ವಿದ್ಯುತ್ ಹರಿಯುತ್ತದೆ. ಹುರಿ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಹುರಿ ಮಿತಿಮೀರಿದ ಹಗ್ಗ ತನ್ನ ಮೇಲೆ ತಾನೇ ಸುರುಳಿ ಬೀಳುವುದನ್ನು ನೀನು ಕಂಡಿದ್ದೀಯ. ಅದೂ ಹಾಗೆಯೇ ಸುರುಳಿಗೊಂಡು ಮೇಲೇಳುತ್ತದೆ, ಸಿಡಿಯುತ್ತದೆ. ಸಿಡಿದದ್ದು ನಮ್ಮ ಕಡೆಗೇ ಬಂದರೆ ಇಲ್ಲಿನ ವಿದ್ಯುತ್ ಜಾಲವೂ ಕೆಡಬಹುದು. ಯಾವ ಕಲೆಯಲ್ಲಿ ಎಷ್ಟು ಹುರಿ ಇದೆ ಎಂದು ಅಳೆಯುವುದು ನನ್ನ ಕೆಲಸ. ಮುಟ್ಟಿ ನೋಡುವ ಹಾಗಿಲ್ಲವಲ್ಲ, ಅಲ್ಲಿಂದ ಬಂದ ಬೆಳಕನ್ನು ಸೋಸಿ ಲೆಕ್ಕ ಹಾಕುತ್ತೇವೆ.

ಇದರಲ್ಲಿ ಒಂದು ತೊಡಕಿದೆ. ಕಾಂತರೇಖೆ ಅಡ್ಡ ಮಲಗಿರುವಲ್ಲಿ, ಅದು ಯಾವ ಗೆರೆಯಲ್ಲಿ ಮಲಗಿದೆ ಎಂದು ಮಾತ್ರ ಉಪಕರಣ ಹೇಳುತ್ತದೆ. ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಹೇಳುವುದಿಲ್ಲ. ಅದನ್ನು ನಾವೇ ತೀರ್ಮಾನಿಸಬೇಕು. ಅಕ್ಕಪಕ್ಕದವು ಯಾವ ಕಡೆ ತಲೆ ಹಾಕಿವೆಯೋ ಇದೂ ಹಾಗೆಯೇ ಎಂದು ಇಟ್ಟುಕೊಳ್ಳುವುದು ವಾಡಿಕೆ.

ಈಗ ಒಂದು ದೊಡ್ಡ ಕಲೆಗುಂಪು ಸೂರ್ಯನ ನಡುಭಾಗಕ್ಕೆ ಬರುತ್ತಿದೆ. ಅದರ ಮಧ್ಯದಲ್ಲಿ ನಾನು ಎಂದೂ ಕಾಣದಷ್ಟು ವಿದ್ಯುತ್ ಕಾಣುತ್ತಿದೆ, ಗೀಟು ಎಳೆದ ಹಾಗೆ. ಇದು ಸಿಡಿಯುತ್ತದೆ ಎಂದು ಬರೆದುಕೊಟ್ಟಿದ್ದೇನೆ. ನನ್ನ ಕೆಲಸ ನೋಡಿಕೊಳ್ಳುವ ವಿಜ್ಞಾನಿ, ನಮ್ಮ ಹಿರಿಯರು, ತಲೆ ಆಡಿಸಿದರು. ಹೌದು ಎಂದೋ ಅಲ್ಲ ಎಂದೋ ತಿಳಿಯಲಿಲ್ಲ. ಇದೊಂದು ಮುಗಿದರೆ ಬರುತ್ತೇನೆ.

ನಾನು ಚಿಕ್ಕವಳಿದ್ದಾಗ ನೀನು ರಾಟೆ ತಿರುಗಿಸುತ್ತಿದ್ದೆ, ನಾನು ಎಳೆಗಳ ಆ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಹುರಿ ಏರಿದಂತೆ ಹಗ್ಗ ಗಿಡ್ಡವಾಗುತ್ತದೆ, ಆ ತುದಿಯವರು ಒಂದೊಂದೇ ಹೆಜ್ಜೆ ಮುಂದೆ ಬರಬೇಕು. ನಾನು ಹಟಕ್ಕೆ ಹಿಮ್ಮಡಿ ಊರಿ ನಿಂತರೆ ನೀನು “ಎಳೆದು ನಿಲ್ಬೇಡ, ಬಾ, ಬಾ” ಎಂದು ಕೂಗುತ್ತಿದ್ದೆ. ಈ ಲೆಕ್ಕ ಮಾಡುವಾಗ ಅದು ಕಿವಿಯಲ್ಲಿ ಕೇಳಿಸುತ್ತದೆ. ಈಗ ಆ ತುದಿಯಲ್ಲಿ ಮಾವ ತಾನೇ?

ನಿನ್ನ ಮಗಳು


ಮಾರ್ಚ್ ೬

ಮಗಳೇ,

ನಿನ್ನ ಕಾಗದವನ್ನು ದೋಣಿ ಯಜಮಾನನ ಎದುರು ಗಟ್ಟಿಯಾಗಿ ಓದಿದೆ. ವಿದ್ಯುತ್ ಜಾಲ ಕೆಡಬಹುದು ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಅವನ ಮುಖ ನೋಡಿದೆ. ನಗಲಿಲ್ಲ. ನಿನ್ನ ಮಾವ ಮಾತ್ರ, “ಅಂದ್ರೆ ಇನ್ಮೇಲೆ ಕರೆಂಟು ಹೋದ್ರೆ ನಮ್ಮ ಹುಡುಗೀನೇ ಕೇಳ್ಬೇಕು ಅನ್ನಿ” ಎಂದ. ಅವನಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ನಿಮ್ಮ ಹಿರಿಯರು ತಲೆ ಆಡಿಸಿದರು ಎಂದು ಬರೆದಿದ್ದೀಯ. ತಲೆ ಆಡಿಸುವವರ ಮುಖ ನೋಡುತ್ತ ಕೂತರೆ ಯಾವ ಕೆಲಸವೂ ಆಗುವುದಿಲ್ಲ. ನಿನ್ನ ಅಪ್ಪ ತೀರಿಕೊಂಡಾಗ ಶೆಡ್ಡು ಮುಚ್ಚಿಬಿಡು ಎಂದು ತಲೆ ಆಡಿಸಿದವರೆಲ್ಲ ಇವತ್ತು ಇದೇ ಶೆಡ್ಡಿನಿಂದ ಹಗ್ಗ ಒಯ್ಯುತ್ತಾರೆ. ನೀನು ಕಂಡದ್ದು ಕಂಡದ್ದೇ. ಯಾರು ಏನೇ ಅಂದರೂ ಹಿಂದೆ ತೆಗೆದುಕೊಳ್ಳಬೇಡ. ಅಕ್ಕಪಕ್ಕದವರು ಯಾವ ಕಡೆ ತಲೆ ಹಾಕಿದ್ದಾರೆ ಎಂದು ನೋಡಿಕೊಂಡು ತಾನೂ ಹಾಗೆ ಹಾಕುವವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ಬರುವುದಾದರೆ ಪೂರ್ತಿ ಮುಗಿಸಿಯೇ ಬಾ. ಅರ್ಧ ಹೊಸೆದ ಹಗ್ಗವನ್ನು ನಾವು ಯಾರಿಗೂ ಕೊಟ್ಟವರಲ್ಲ, ಮನೆಯೊಳಗೆ ತಂದವರೂ ಅಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಎರಡು ಹಗ್ಗ ವಾಪಸ್ಸು ಬಂದವು. ಅದು ನಾರಿನ ದೋಷ.

ನಿನ್ನ ಅಮ್ಮ


ಮಾರ್ಚ್ ೨೮

ಅಮ್ಮ,

ಕಲೆಗುಂಪು ಸೂರ್ಯನ ಅಂಚು ದಾಟಿ ಆಚೆ ಹೋಯಿತು. ನಮ್ಮ ಕಡೆ ಇದ್ದಷ್ಟು ದಿನ ಸಿಡಿಯಲಿಲ್ಲ.

ಹಿರಿಯರು ಲೆಕ್ಕವನ್ನು ಇನ್ನೊಂದು ಸಲ ನೋಡು ಎಂದರು. ನಾನು ಕಂಡದ್ದು ಕಂಡದ್ದೇ ಎಂದೆ, ನೀನು ಬರೆದ ಹಾಗೆ. “ಸುಮ್ನೆ ನೋಡಮ್ಮ, ನೋಡೋಕೇನು?” ಎಂದರು. ನೋಡಲಿಲ್ಲ.

ಮೇಜಿನ ಕಾಲಿಗೆ ಒಂದು ಮರದ ಚಕ್ಕೆ ಇಡಿಸು. ನಿನ್ನ ಅಕ್ಷರ ನೋಡಿದರೆ ಸಿಟ್ಟಿನಲ್ಲಿ ಬರೆದ ಹಾಗಿದೆ.

ನಿನ್ನ ಮಗಳು


ಏಪ್ರಿಲ್ ೧೫

ಮಗಳೇ,

ನಿನ್ನ ಕಾಗದ ಮೊಳದಿಂದ ಗೇಣಿಗೆ ಇಳಿದಿದೆ. ದೊಡ್ಡ ಕೆಲಸ, ದೊಡ್ಡ ಜನ, ಬಿಡುವಿರುವುದಿಲ್ಲ. ಆಗಲಿ.

ನಿನ್ನ ಮಾವ ಶೆಡ್ಡಿಗೆ ಬರುತ್ತಿಲ್ಲ. ಬೇರೆಯವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ವಾಪಸ್ಸು ಬಂದ ಹಗ್ಗವನ್ನು ಬಿಚ್ಚಿ ನನ್ನ ಮೂಗಿನ ಮುಂದೆ ಹಿಡಿದ. “ನಾರು ಚೆನ್ನಾಗೇ ಇದೆ ಅಕ್ಕ. ಹುರಿ ಕೂತಿಲ್ಲ. ಒಂದ್ಕಡೆ ಬಿಗಿ, ಒಂದ್ಕಡೆ ಸಡಿಲ. ನಿನ್ನ ಕೈಗೆ ಗೊತ್ತಾಗ್ಲಿಲ್ವಾ?” ದೋಣಿ ಯಜಮಾನ ಅಲ್ಲೇ ನಿಂತಿದ್ದ. “ನನ್ನ ಕೈ ವಿಷಯ ಮಾತಾಡೋಕೆ ನೀನ್ಯಾವನೋ? ಆ ತುದೀಲಿ ನಿಂತು ಆಕಳಿಸೋನು!” ಎಂದೆ. “ಆಕಳಿಸ್ಕೊಂಡೇ ಬಂದ್ರೂ ಒಂದು ಹೆಜ್ಜೆ ತಪ್ಪಿಲ್ಲ ನಾನು” ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಪಕ್ಕದ ಬೀದಿಯಲ್ಲೇ ಮನೆ, ಆದರೂ ಇತ್ತ ತಲೆ ಹಾಕಿಲ್ಲ.

ಅವನಿಲ್ಲದಿದ್ದರೆ ಶೆಡ್ಡು ನಿಂತುಹೋಗುತ್ತದೆಯೇ? ಆ ತುದಿಯಲ್ಲಿ ಒಂದು ಕಂಬ ನೆಡಿಸಿದ್ದೇನೆ. ಅದಕ್ಕೇ ಕಟ್ಟಿ ಹೊಸೆಯುತ್ತೇನೆ. ಕಂಬ ಎದುರು ಮಾತಾಡುವುದಿಲ್ಲ, ಗಿರಾಕಿಯ ಮುಂದೆ ನಗುವುದೂ ಇಲ್ಲ.

ಮಧ್ಯಾಹ್ನ ದಾಟಿದರೆ ಮೈ ಸೋತು ಬರುತ್ತದೆ. ರಾಟೆಯ ಪಕ್ಕದ ನಾರಿನ ಮೂಟೆಯ ಮೇಲೆ ಕೂತರೆ ಏಳುವ ಮನಸ್ಸಾಗುವುದಿಲ್ಲ. ಬಿಸಿಲಿಗೆ ಹಾಗೆ. ನಿನ್ನ ಸೂರ್ಯನಿಗೆ ಒಂದು ಮಾತು ಹೇಳು.

ಯಾವಾಗ ಬರುತ್ತೀಯ?

ನಿನ್ನ ಅಮ್ಮ


ಜೂನ್ ೩೦

ಅಮ್ಮ,

ಚೆನ್ನಾಗಿದ್ದೇನೆ. ಕೆಲಸ ಹೆಚ್ಚು. ಈಗ ಬರಲಾಗುವುದಿಲ್ಲ.

ಮಾವನನ್ನು ಕರೆಸಿಕೋ.

ನಿನ್ನ ಮಗಳು


ಜುಲೈ ೧೨

ಮಗಳೇ,

‘ಚೆನ್ನಾಗಿದ್ದೇನೆ’ ಎಂಬ ಸಾಲನ್ನು ಹೇಗೆ ಬರೆಯಬೇಕು ಎಂದು ನಿನಗೆ ಕಲಿಸಿದವಳು ನಾನು. ಅದನ್ನು ನನ್ನ ಮೇಲೆಯೇ ಪ್ರಯೋಗಿಸಬೇಡ.

ಬರಲು ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲ ಎಂದು ಬರೆ. ಓದಿಕೊಳ್ಳುವ ಶಕ್ತಿ ನನಗಿದೆ. ಶೆಡ್ಡು ಮುಚ್ಚುತ್ತೇನೆ, ಬಾಗಿಲಿಗೆ ಬೀಗ ಹಾಕುತ್ತೇನೆ, ಅದಕ್ಕೂ ಯಾರ ಸಹಾಯವೂ ಬೇಡ. ಆದರೆ ಇಂದು, ನಾಳೆ ಎಂದು ಬಾಗಿಲು ತೆರೆದಿಟ್ಟುಕೊಂಡು ಕಾಯಲು ನನ್ನಿಂದ ಆಗುವುದಿಲ್ಲ. ಇದಕ್ಕೆ ನೆಟ್ಟಗೆ ಉತ್ತರ ಬರುವ ತನಕ ನಾನು ಬರೆಯುವುದಿಲ್ಲ.

ಇವತ್ತು ಒಂದು ಹಗ್ಗ ರಾಟೆಯ ಮೇಲೆಯೇ ಪಟ್ಟೆಂದು ಹರಿಯಿತು. ಅದರ ಸಿಟ್ಟೂ ಇದರಲ್ಲಿ ಸ್ವಲ್ಪ ಸೇರಿದೆ. ಅಷ್ಟನ್ನು ಕಳೆದು ಓದು.

ನಿನ್ನ ಅಮ್ಮ


ಆಗಸ್ಟ್ ೯

ಅಮ್ಮ,

ಈ ಕಾಗದವನ್ನು ದೋಣಿ ಯಜಮಾನರ ಎದುರು ಓದಬೇಡ.

ಆ ಕಲೆಗುಂಪಿನ ನಡುವೆ ನಾನು ಕಂಡ ವಿದ್ಯುತ್ ಅಲ್ಲಿ ಇರಲಿಲ್ಲ. ಒಂದು ತುಣುಕಿನಲ್ಲಿ ಕಾಂತರೇಖೆಗಳ ತಲೆ ಯಾವ ಕಡೆ ಎಂಬುದನ್ನು ನಾನು ಅಕ್ಕಪಕ್ಕದವುಗಳಿಗೆ ವಿರುದ್ಧವಾಗಿ, ಕೈಯಾರೆ ಇಟ್ಟಿದ್ದೆ. ಅಲ್ಲಿ ಹುರಿ ಜೋರಾಗಿರಬೇಕು ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಇಡೀ ಗುಂಪನ್ನೇ ತಿರುವಿಹಾಕಿದ್ದರೂ ಏನೂ ಆಗುತ್ತಿರಲಿಲ್ಲ. ಹಗ್ಗವನ್ನು ಯಾವ ತುದಿಯಿಂದ ನೋಡಿದರೂ ಹುರಿ ಅದೇ ಅಲ್ಲವೇ. ಒಂದೇ ತುಣುಕನ್ನು ತಿರುವಿದ್ದರಿಂದ ಅದರ ಅಂಚಿನಲ್ಲಿ ರೇಖೆಗಳು ಒಂದಕ್ಕೊಂದು ಎದುರಾಗಿ ನಿಂತವು, ಲೆಕ್ಕದಲ್ಲಿ ಅಲ್ಲೆಲ್ಲ ವಿದ್ಯುತ್ ಹರಿಯಿತು. ಸೂರ್ಯನಲ್ಲಿ ಹರಿಯಲಿಲ್ಲ. ನಾನು ಗೀಟು ಎಂದು ಬರೆದದ್ದು ನಾನೇ ಹಾಕಿದ ಹೊಲಿಗೆ.

ಮಾರ್ಚಿನಲ್ಲಿ ಹಿರಿಯರು ಹೇಳಿದಾಗಲೇ ನೋಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ನೋಡದೆ ಅವರೊಡನೆ ಎಲ್ಲರ ಮುಂದೆ ವಾದ ಮಾಡಿದೆ. ಏಪ್ರಿಲ್‌ನಲ್ಲಿ ನನ್ನ ಕೆಲಸದ ಅವಧಿ ಮುಗಿಯಿತು, ಅವರು ಮುಂದುವರಿಸಲಿಲ್ಲ. ಮೇ ತಿಂಗಳಲ್ಲಿ ಕೋಣೆಯಲ್ಲಿ ಒಬ್ಬಳೇ ಕೂತು ನೋಡಿದೆ. ತಪ್ಪು ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು. ಆ ಮೇಲೆ ಇಲ್ಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟುಕೊಂಡು ಇದ್ದೇನೆ. ಕೆಲಸ ಹೆಚ್ಚು ಎಂದು ಬರೆದದ್ದು ಸುಳ್ಳು. ದಿನದ ಬಹುಪಾಲು ಮಲಗಿಯೇ ಇರುತ್ತಿದ್ದೆ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಜರುಗುವುದನ್ನು ನೋಡುವುದು, ಮತ್ತೆ ಮಗ್ಗುಲಾಗುವುದು. ಪಾತ್ರೆ ತೊಳೆಯುವುದಕ್ಕೂ ಬೇಸರ.

ಜೂನ್‌ನಲ್ಲಿ ಮನೆಗೆ ಬಂದಿದ್ದೆ ಅಮ್ಮ. ಬೀದಿಯ ತಿರುವಿನ ತನಕ. ಶೆಡ್ಡಿನ ಬಾಗಿಲು ತೆರೆದಿತ್ತು, ರಾಟೆಯ ಸದ್ದು ಕೇಳಿಸುತ್ತಿತ್ತು. ಆ ತುದಿಯಲ್ಲಿ ಮಾವ ಇರಲಿಲ್ಲ, ನೀನು ಬರೆದ ಕಂಬ ಇತ್ತು. ನೀನು ರಾಟೆ ನಿಲ್ಲಿಸಿ ಎರಡೂ ಕೈಗಳನ್ನು ಜೋರಾಗಿ ಕೊಡವಿದೆ. ಮತ್ತೆ ಕೊಡವಿದೆ. 

ನಿನ್ನನ್ನು ಅಷ್ಟು ಸಿಟ್ಟಿನಲ್ಲಿ ನಾನು ಕಂಡಿರಲಿಲ್ಲ. ಅರ್ಧ ಹೊಸೆದ ಹಗ್ಗ ಮನೆಯೊಳಗೆ ಹೋಗುವುದು ಹೇಗೆ? ತಿರುಗಿ ಬಸ್ಸು ಹತ್ತಿದೆ.

ಹೋದ ವಾರ ಹಿರಿಯರ ಬಳಿ ಹೋಗಿ ತಪ್ಪು ಹೇಳಿಕೊಂಡೆ. “ಇಷ್ಟು ಹೇಳೋಕೆ ಇಷ್ಟು ತಿಂಗಳು ಬೇಕಾಯ್ತಾ?” ಎಂದರು. “ನಮ್ಮ ಮನೇಲಿ ಬೇಕಾಗುತ್ತೆ ಸರ್” ಎಂದೆ. ನಕ್ಕರು. ಮೆಟ್ಟಿಲಿನ ಪಕ್ಕ ಹಳೆಯ ಸಾಮಾನಿನ ಕೋಣೆಯಲ್ಲಿ ಒಂದು ಮೇಜು ಕೊಡಿಸುತ್ತಾರಂತೆ. ವರ್ಷ ಮುಗಿಯುವುದರೊಳಗೆ ಎಲ್ಲವನ್ನೂ ಮೊದಲಿನಿಂದ ಅಳೆದು, ತಪ್ಪನ್ನೂ ಸೇರಿಸಿ ಬರೆದುಕೊಡಬೇಕು. ಆಮೇಲೆ ಕೆಲಸ ಇರುತ್ತದೆಯೋ ಇಲ್ಲವೋ ಹೇಳಲಾರೆ ಎಂದರು. ಆ ಕಲೆಗಳಲ್ಲಿ ಹುರಿ ನಿಜವಾಗಿಯೂ ಇತ್ತು ಅಮ್ಮ, ನಾನು ಹೇಳಿದ್ದಕ್ಕಿಂತ ತೀರ ಕಡಿಮೆ, ಅಷ್ಟೇ.

ಇದನ್ನು ಮುಗಿಸಬೇಕು ಅನ್ನಿಸುತ್ತದೆ. ಎಲ್ಲ ಬಿಟ್ಟು ಬಂದು ರಾಟೆಯ ಮುಂದೆ ಕೂತುಬಿಡೋಣ ಎಂದೂ ಅನ್ನಿಸುತ್ತದೆ. ನನಗೆ ಬಹಳ ದಣಿವಾಗಿದೆ. ನೀನು ಹೇಗೆ ಹೇಳಿದರೆ ಹಾಗೆ.

ನಿನ್ನ ಮಗಳು


ಆಗಸ್ಟ್ ೨೧

ಮಗಳೇ,

ಇದನ್ನು ಬರೆಯುತ್ತಿರುವುದು ನಿನ್ನ ಮಾವ, ಹೇಳುತ್ತಿರುವುದು ನಾನು. ನಡುವೆ ತನ್ನದನ್ನೇನಾದರೂ ಸೇರಿಸಿದರೆ ನಿನಗೆ ಗೊತ್ತಾಗುತ್ತದೆ, ಬುದ್ಧಿಯ ಮಾತಿರುವುದಿಲ್ಲ.

ಮೇಜಿನ ಕಾಲು ನೆಟ್ಟಗಿದೆ. ಯಾವತ್ತೂ ನೆಟ್ಟಗೇ ಇತ್ತು. ನನ್ನ ಅಂಗೈಗಳಿಗೆ ಜೋಮು ಹಿಡಿದು ವರ್ಷ ದಾಟಿತು. ಎಳೆಯನ್ನು ಹಿಡಿದರೆ ಹುರಿ ಎಷ್ಟು ಏರಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ವಾಪಸ್ಸು ಬಂದ ಹಗ್ಗಗಳಲ್ಲಿ ನಾರಿನ ದೋಷ ಇರಲಿಲ್ಲ. ಬೀದಿಯ ತಿರುವಿನಿಂದ ನೀನು ಕಂಡದ್ದು ಸಿಟ್ಟಲ್ಲ. ಜೋಮು ಬಿಡಿಸಿಕೊಳ್ಳಲು ಕೈ ಕೊಡವುತ್ತಿದ್ದೆ. ಅಷ್ಟು ದೂರದಿಂದ ಎರಡೂ ಒಂದೇ ಥರ ಕಾಣುತ್ತವೇನೋ. ಹತ್ತಿರ ಬಂದು ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ನಿನ್ನ ಕಾಗದ ಓದಿ ಎದ್ದು ಪಕ್ಕದ ಬೀದಿಗೆ ಹೋದೆ. ಇವನು ಬಾಗಿಲಲ್ಲಿ ಕೂತು ಹಳೆಯ ಚಪ್ಪಲಿಗೆ ದಾರ ಹಾಕುತ್ತಿದ್ದ. “ಕಂಬ ಕೀಳ್ಬೇಕು, ಹಾರೆ ತಗೊಂಡು ಬಾ” ಎಂದೆ. “ಯಾಕಕ್ಕ, ಅದೂ ಎದುರು ಮಾತಾಡ್ತಾ?” ಎಂದ. “ಅದು ನಡೆಯಲ್ಲ ಕಣೋ. ಒಂದು ಹೆಜ್ಜೆ ಮುಂದೆ ಬರಲ್ಲ” ಎಂದೆ. ಅಷ್ಟೇ ಆದ ಮಾತು. ಅದನ್ನೇ ಇವನು, ಅಕ್ಕ ಬಂದು ಕ್ಷಮೆ ಕೇಳಿದಳು ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. (ಕೇಳಿದ್ದು ನಿಜ. – ಮಾವ)

ಯಾರು ಏನೇ ಅಂದರೂ ಹಿಂದೆ ತೆಗೆದುಕೊಳ್ಳಬೇಡ ಎಂದು ಬರೆದಿದ್ದೆ. ಅಲ್ಲಿ ಏನು ನಡೆದಿದೆ ಎಂದು ಅರಿಯದೆ ಬರೆದ ಮಾತು. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದ್ದು ಅದೊಂದೇ ಸಲ, ಅದೂ ಕೇಳಬಾರದ ಕಡೆ.

ಹೇಗೆ ಹೇಳಿದರೆ ಹಾಗೆ ಎಂದು ಬರೆದಿದ್ದೀಯ. ಹಾಗಾದರೆ ಕೇಳು. ಬರಬೇಡ. ಕೂತು ಅದನ್ನು ಮುಗಿಸು. ಸೋಮವಾರದ ಬಸ್ಸಿಗೆ ನಾನು ಬರುತ್ತೇನೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣದಾಗಿ ಕೊಯ್ದರೆ ಸರಿಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ನಿಮ್ಮ ಊರಿನ ಆಸ್ಪತ್ರೆಯಲ್ಲೂ ಕೊಯ್ಯುತ್ತಾರೆ ತಾನೇ? ಕೈ ಕೂಡಿಕೊಳ್ಳುವ ತನಕ ನನಗೆ ಮಾಡಲು ಬೇರೆ ಕೆಲಸವಿಲ್ಲ. ಪಾತ್ರೆ ತೊಳೆಯಲಾರೆ, ಆದರೆ ತೊಳೆ ಎಂದು ಹೇಳಬಲ್ಲೆ. ಬೆಳಗ್ಗೆ ಮಲಗಿರಲು ಬಿಡುವುದಿಲ್ಲ ಎಂಬುದನ್ನು ಈಗಲೇ ತಿಳಿಸಿರುತ್ತೇನೆ.

ಆ ಸಾಮಾನಿನ ಕೋಣೆಯಲ್ಲಿ ಎರಡನೆಯ ಕುರ್ಚಿ ಇದೆಯೇ ವಿಚಾರಿಸು. ನಾನೇ ಬಂದು ನಿಮ್ಮ ಹಿರಿಯರನ್ನು ಕೇಳಿದರೆ ಅವರಿಗೆ ಕಷ್ಟವಾಗುತ್ತದೆ. ಆ ಕಲೆಗಳನ್ನು ನನಗೂ ತೋರಿಸಬೇಕು. ಹುರಿ ಕಡಿಮೆ ಇದ್ದರೆ ಕಡಿಮೆ ಇದ್ದದ್ದನ್ನೇ ತೋರಿಸು.

ಶೆಡ್ಡಿನ ವಿಷಯ ವರ್ಷ ಮುಗಿದ ಮೇಲೆ ಮಾತಾಡೋಣ. ನೀನು ಮಾತು ಕೊಟ್ಟಿದ್ದೆ ಎಂದು ನಾನು ಎತ್ತುವುದಿಲ್ಲ. ಬಸ್ ನಿಲ್ದಾಣಕ್ಕೆ ಬರಬೇಡ, ದಾರಿ ಕೇಳಲು ನನಗೆ ಬಾಯಿದೆ.

ನಿನ್ನ ಅಮ್ಮ

ಅಕ್ಕ ದಿಂಬು ಕಟ್ಟಲು ಒಳಗೆ ಹೋಗಿದ್ದಾಳೆ. ನಿನ್ನ ಮನೆಯ ದಿಂಬು ಅವಳಿಗೆ ಆಗುವುದಿಲ್ಲವಂತೆ. ಇನ್ನು ಈ ಸಾಲುಗಳು ನನ್ನವು, ಓದಿ ಸುಮ್ಮನಿರು. ಕಂಬ ಕಿತ್ತ ಮೇಲೆ ನಿನ್ನೆ ಅಕ್ಕ ರಾಟೆಯ ಹಿಡಿಯನ್ನು ನನ್ನ ಕೈಗೆ ಕೊಟ್ಟು, ಆ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಆ ಜಾಗದಲ್ಲಿ ನಾನು ಅವಳನ್ನು ಎಂದೂ ಕಂಡದ್ದಿಲ್ಲ. ಮೊದಲು ಹಿಮ್ಮಡಿ ಊರಿ ನಿಂತಳು. “ಎಳೆದು ನಿಲ್ಬೇಡ ಅಕ್ಕ, ಬಾ, ಬಾ” ಎಂದೆ. “ನಂಗೇ ಹೇಳ್ಕೊಡ್ತೀಯೇನೋ?” ಎಂದಳು. ಆಮೇಲೆ, ಹಗ್ಗ ಕೂಡಿ ಮುಗಿಯುವ ತನಕ ನನ್ನನ್ನು ಬೈಯುತ್ತಲೇ, ಒಂದೊಂದು ಹೆಜ್ಜೆಯಾಗಿ ಮುಂದೆ ಬಂದಳು.